ಮೂರು ವರ್ಷದ ಅಭ್ಯರ್ಥಿ

ಶಾಲಾ ಪ್ರವೇಶದ ಹಂಗಾಮು ಮತ್ತೆ ಬಂದಿದೆ. ಬೆಂಗಳೂರಿನ ಖಾಸಗಿ ಶಾಲೆಗಳ ಮುಂದೆ ಮೂರು ವರ್ಷದ ಅಭ್ಯರ್ಥಿಗಳು ತಲೆ ಬಾಚಿಸಿಕೊಂಡು, ಮೂಗು ಒರೆಸಿಸಿಕೊಂಡು ಸರದಿಯಲ್ಲಿ ನಿಂತಿದ್ದಾರೆ. ಒಳಗೆ ನಡೆಯುವುದು ಎಲ್ಲರಿಗೂ ಗೊತ್ತಿರುವುದೇ. ಗುರುತಿಲ್ಲದ ಹೆಂಗಸೊಬ್ಬರು ಸೇಬಿನ ಚಿತ್ರ ಹಿಡಿದು ಇದೇನೆಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ; ಮಗು ಒಮ್ಮೆ ಅವರನ್ನೂ ಒಮ್ಮೆ ಸೇಬನ್ನೂ ನೋಡಿ, ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯದೇ ಎಂದು ಮರುಗಿ ಸುಮ್ಮನಿರುತ್ತದೆ; ಅಭ್ಯರ್ಥಿಗೆ ‘ಕಮ್ಯುನಿಕೇಶನ್ ಸ್ಕಿಲ್ಸ್’ ಸಾಲದು ಎಂಬ ಷರಾ ಬೀಳುತ್ತದೆ.

ಇಂಥ ಪರೀಕ್ಷೆಗೆ ಕಾನೂನಿನ ಅಡ್ಡಿ ಇಲ್ಲವೇ ಎಂದು ಕೇಳುವವರು ಕಾನೂನನ್ನು ಪೂರ್ತಿ ಓದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ, ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಜರಡಿ ಹಿಡಿದರೆ ಮೊದಲ ಸಲ 25,000 ರೂಪಾಯಿಯವರೆಗೆ, ಅನಂತರ ಪ್ರತಿ ಸಲವೂ 50,000 ರೂಪಾಯಿಯವರೆಗೆ ದಂಡ ಎನ್ನುತ್ತದೆ. ಆದರೆ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಮಗು ಎಂದರೆ ಆರರಿಂದ ಹದಿನಾಲ್ಕು ವರ್ಷದವರು ಮಾತ್ರ. ಮೂರು ವರ್ಷದ್ದು ಮಗುವೇ ಅಲ್ಲವೆಂದ ಮೇಲೆ ಸಂದರ್ಶಿಸಿದರೆ ತಪ್ಪೇನು ಎಂದು ಆಡಳಿತ ಮಂಡಳಿಯವರು ಕೇಳಿದರೆ, ಆ ತರ್ಕಕ್ಕೆ ಕೈಮುಗಿಯುವುದಷ್ಟೇ ನಮ್ಮ ಪಾಲು.

ಸುಮ್ಮನೆ ಕುಳಿತ ಈ ಅಭ್ಯರ್ಥಿಯ ಪೂರ್ವಾನುಭವ ಏನೆಂದು ಮಾತ್ರ ಅರ್ಜಿಯಲ್ಲಿ ಯಾರೂ ಕೇಳಿರುವುದಿಲ್ಲ. ಹುಟ್ಟಿ ನಾಲ್ಕು ದಿನವಾದ ಫ್ರೆಂಚ್ ಶಿಶುಗಳು ಫ್ರೆಂಚ್ ಮಾತನ್ನೂ ರಷ್ಯನ್ ಮಾತನ್ನೂ ಬೇರೆ ಬೇರೆಯೆಂದು ಗುರುತಿಸುತ್ತವೆ ಎಂದು ಜಾಕ್ ಮೆಹ್ಲರ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದರು. ಇಂಗ್ಲಿಷ್ ಮನೆಯ ಕೂಸುಗಳಿಗೂ ಆರೆಂಟು ತಿಂಗಳಲ್ಲಿ ಹಿಂದಿಯ ತಕಾರ ಟಕಾರಗಳ ವ್ಯತ್ಯಾಸ ಕೇಳಿಸುತ್ತದೆ, ಅದು ಸುತ್ತಲಿನ ಮಾತಿನಲ್ಲಿ ಇಲ್ಲವಾದ್ದರಿಂದ ವರ್ಷ ತುಂಬುವಷ್ಟರಲ್ಲಿ ಬಹುಮಟ್ಟಿಗೆ ಕೈಬಿಟ್ಟುಹೋಗುತ್ತದೆ ಎಂಬುದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಕಂಡುಕೊಂಡ ಸಂಗತಿ. ನಮ್ಮ ಅಭ್ಯರ್ಥಿಯಾದರೋ ತಾತನನ್ನೂ ಟಾಟಾವನ್ನೂ ಎಂದೂ ಬೆರೆಸಿದವನಲ್ಲ. ಮಾಡಿದೆ, ಆಡಿದೆ, ಓಡಿದೆ ಎಂಬುದನ್ನು ಕೇಳಿಸಿಕೊಂಡು, ಯಾರೂ ಹೇಳಿಕೊಡದೆ ಅದರೊಳಗಿನ ನಿಯಮವನ್ನು ತೆಗೆದು, ಒಂದು ಬೆಳಗ್ಗೆ ‘ನಾನು ಚೆಂಡು ತರಿದೆ’ ಎಂದು ಘೋಷಿಸಿದವನು. ಆ ರೂಪವನ್ನು ಮನೆಯಲ್ಲಿ ಯಾರೂ ಆಡಿಲ್ಲ, ಆದ್ದರಿಂದ ಅದು ಗಿಳಿಪಾಠವಲ್ಲ. ಸ್ವಂತ ಬುದ್ಧಿಯಿಂದ ಕಟ್ಟಿದ ವ್ಯಾಕರಣ. ಬಂದ, ಬಂದಳು, ಬಂತು, ಬಂದ್ವು ಎಂದು ಲಿಂಗ ವಚನಗಳನ್ನು ಕ್ರಿಯಾಪದಕ್ಕೆ ಹೊಂದಿಸುವಷ್ಟು ಬಲ್ಲವನು, ಸೇಬಿನ ಮುಂದೆ ಬಾಯಿ ತೆರೆಯಲಿಲ್ಲವೆಂದು ಅನುತ್ತೀರ್ಣ.

ಆಮೇಲೆ ಹೆತ್ತವರಿಗೆ ಉಪದೇಶ ನಡೆಯುತ್ತದೆ: ಮನೆಯಲ್ಲಿ ಮಗುವಿನೊಡನೆ ಇಂಗ್ಲಿಷಿನಲ್ಲೇ ಮಾತನಾಡಿ. ಅಂದಿನಿಂದ ಮನೆಯ ಭಾಷೆ ‘ರನ್ ಮಾಡ್ಬೇಡ ಪುಟ್ಟ, ಫಾಲ್ ಆಗ್ತೀಯ’, ‘ಹ್ಯಾಂಡ್ ವಾಶ್ ಮಾಡ್ಕೊಂಡು ಈಟ್ ಮಾಡು’ ಎಂದಾಗುತ್ತದೆ. ಮಗು ಇದನ್ನೂ ಅಚ್ಚುಕಟ್ಟಾಗಿ ಕಲಿಯುತ್ತದೆ, ಏಕೆಂದರೆ ಕೇಳಿದ್ದರಿಂದ ನಿಯಮ ತೆಗೆಯುವುದೇ ಅದರ ಕಸುಬು. ಮಾಡು, ಆಗು ಎಂಬೆರಡನ್ನು ಬಾಲಕ್ಕೆ ಕಟ್ಟಿದರೆ ಇಂಗ್ಲಿಷ್ ಸಿದ್ಧವೆಂದು ಅದು ತೀರ್ಮಾನಿಸಿದರೆ ಆ ತೀರ್ಮಾನದಲ್ಲಿ ದೋಷವಿಲ್ಲ. ಮನೆಯಲ್ಲಿ ತಮಿಳು, ಉರ್ದು, ತೆಲುಗು ಅಥವಾ ತುಳು ಆಡುತ್ತ ಬೀದಿಯಲ್ಲಿ ಕನ್ನಡ ಕಲಿತ ಮಕ್ಕಳು ಇದೇ ಊರಿನಲ್ಲಿ ಬೇಕಾದಷ್ಟಿದ್ದಾರೆ; ಎರಡು ಮೂರು ಭಾಷೆ ಮಕ್ಕಳಿಗೆ ಭಾರವಾದದ್ದನ್ನು ನಾನಂತೂ ಕಂಡಿಲ್ಲ. ಭಾರವಾಗುವುದು, ಮನೆಯವರಿಗೇ ಬಾರದ ಭಾಷೆಯನ್ನು ಮನೆಯವರಿಂದಲೇ ಕಲಿಯಬೇಕಾಗಿ ಬಂದಾಗ.

ಅಕ್ಬರ್ ಬಾದಶಹನಿಗೂ ಮಕ್ಕಳ ಭಾಷೆಯ ಬಗ್ಗೆ ಇಂಥದೇ ಆಸಕ್ತಿ ಇತ್ತು. ಯಾರೂ ಮಾತು ಕಲಿಸದಿದ್ದರೆ ಮನುಷ್ಯ ಸಹಜವಾಗಿ ಯಾವ ಭಾಷೆ ಆಡುತ್ತಾನೆ ಎಂದು ತಿಳಿಯಲು ಅವನು ಹಸುಗೂಸುಗಳನ್ನು ಒಂದು ಮನೆಯಲ್ಲಿಟ್ಟು, ಅವುಗಳೆದುರು ತುಟಿ ಬಿಚ್ಚಬಾರದೆಂದು ದಾದಿಯರಿಗೆ ಕಟ್ಟಪ್ಪಣೆ ಮಾಡಿದ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಮೂಕರ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ; ಆ ಮನೆಗೆ ಗುಂಗ್ ಮಹಲ್ ಎಂದೇ ಹೆಸರಾಯಿತು. ಬಾದಶಹನಾದರೂ ಪ್ರಯೋಗ ಒಂದು ಸಲಕ್ಕೆ ಸಾಕೆಂದುಕೊಂಡ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅದು ಪ್ರತಿ ವರ್ಷ ನಡೆಯುತ್ತದೆ. ಹಾಸನದಿಂದಲೋ ಹಾವೇರಿಯಿಂದಲೋ ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಜ್ಜಿಗೆ, ಅದರ ಮುಂದೆ ಕನ್ನಡ ಆಡಬೇಡಿ, ಆಕ್ಸೆಂಟ್ ಕೆಡುತ್ತದೆ ಎಂದು ಮಗನೋ ಸೊಸೆಯೋ ಮೆಲ್ಲಗೆ ಹೇಳುತ್ತಾರೆ. ಗಾದೆಯಿಲ್ಲದೆ ಮಾತು ಮುಗಿಸದ ಆ ಹೆಂಗಸು, ದಿನದ ಎಂಟು ಗಂಟೆ ಮಗುವನ್ನು ಎತ್ತಿಕೊಂಡು ಓಡಾಡುವವಳು, ‘ಕಮ್’, ‘ನೋ’, ‘ಗುಡ್ ಬಾಯ್’ ಎಂಬ ಮೂರು ಮಾತಿನಲ್ಲಿ ದಿನ ಕಳೆಯಬೇಕು. ಇದನ್ನು ಬರೆಯುವಾಗ ವಿಡಂಬನೆ ಮಾಡುವ ಹುರುಪು ಉಳಿಯುವುದಿಲ್ಲ. ಇದು ಕ್ರೌರ್ಯ, ಮುದುಕಿಯ ಮೇಲೂ ಮಗುವಿನ ಮೇಲೂ, ಮತ್ತು ಇದಕ್ಕೆ ಬೇರೆ ಹೆಸರಿಲ್ಲ.

ಅಜ್ಜಿ ಬಾಯಿ ಮುಚ್ಚಿದ ಜಾಗಕ್ಕೆ ಟ್ಯಾಬ್ ಬರುತ್ತದೆ. ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದ್ದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು. ಎದುರು ಕುಳಿತು ಆಡಿಸುತ್ತ ಮಾತನಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ನೋಡಿದವು ಏನನ್ನೂ ಕಲಿಯಲಿಲ್ಲ. ಈ ಫಲಿತಾಂಶಕ್ಕೆ ಸೊಪ್ಪು ಹಾಕದೆ ‘ಸ್ಮಾರ್ಟ್ ಕ್ಲಾಸ್’ ಎಂಬ ಹೆಸರಿನಲ್ಲಿ ಗೋಡೆಯಗಲದ ಪರದೆ ತೂಗಿಸಿ, ಅದಕ್ಕೆ ಪ್ರತ್ಯೇಕ ಶುಲ್ಕವನ್ನೂ ನಿಗದಿಪಡಿಸಿದ ಶಾಲೆಗಳ ಧೈರ್ಯವನ್ನು ಮೆಚ್ಚಲೇಬೇಕು.

ಶುಲ್ಕದ ಮಾತು ಬಂತಲ್ಲ, ಒಂದು ಲೆಕ್ಕ ನನಗೆ ಬಗೆಹರಿದಿಲ್ಲ. ಸೇರುವ ಮೊದಲೇ ಮಗುವಿಗೆ ಇಂಗ್ಲಿಷ್ ಬಂದಿರಬೇಕು. ಸೇರಿದ ಮೇಲೆ ಮನೆಯವರು ಇಂಗ್ಲಿಷ್ ಆಡಿ ಕಲಿಸಬೇಕು. ಬಾಯಿ ತಪ್ಪಿ ಕನ್ನಡ ಬಂದರೆ ಕೆಲವೆಡೆ ದಂಡವನ್ನೂ ಮನೆಯವರೇ ತೆರಬೇಕು. ಹಾಗಾದರೆ ವರ್ಷಕ್ಕೆ ಲಕ್ಷ ರೂಪಾಯಿ ಪಡೆಯುವ ಶಾಲೆ ಕಲಿಸುವುದೇನು? ಈ ಸಲದ ಸಂದರ್ಶನದಲ್ಲಿ, ಸೇಬಿನ ಚಿತ್ರ ಕೆಳಗಿಟ್ಟ ಮೇಲೆ, ಹೆತ್ತವರು ಇದೊಂದನ್ನು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಂಡು ಬರಬಹುದು.