ನಾಲ್ಕು ಹೆಜ್ಜೆ ನಡೆಯಿರಿ, ಕರೆಯುತ್ತಾನೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನನ್ನ ಹೆಂಡತಿ ಚೌಕಾಸಿಗೆ ನಿಂತಳೆಂದರೆ ನಾನು ಚೀಲ ಹಿಡಿದು ಗಿರಮಿಟ್ ಗಾಡಿಯತ್ತ ಸರಿದುಬಿಡುತ್ತೇನೆ. ಆರುನೂರು ಹೇಳಿದ ಚಾದರವನ್ನು ಇನ್ನೂರೈವತ್ತಕ್ಕೆ ಕೇಳುವವಳ ಪಕ್ಕದಲ್ಲಿ ನಿಲ್ಲುವ ಧೈರ್ಯ ನನಗಿಲ್ಲ. ಅವಳ ಬ್ರಹ್ಮಾಸ್ತ್ರ ಒಂದೇ: “ಬೇಡ ಬಿಡಪ್ಪಾ” ಎಂದು ನಾಲ್ಕು ಹೆಜ್ಜೆ ನಡೆಯುವುದು. ಐದನೆಯದನ್ನು ಇಡುವಷ್ಟರಲ್ಲಿ “ಅಕ್ಕಾರೇ, ಬನ್ನಿ” ಎಂಬ ಕೂಗು ಬಂದೇ ಬರುತ್ತದೆ.

2012ರಲ್ಲಿ ಅಮೆರಿಕದ ಮಗಳ ಮನೆಗೆ ಹೊರಟಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ರಾತ್ರಿ ತಂಗಬೇಕಿತ್ತು. ಅಲ್ಲಿ ಹೋಟೆಲ್ ಕೋಣೆಗೂ ಚೌಕಾಸಿ ಉಂಟೆಂದು ಮಗಳು ಹೇಳಿದಳು. ಪ್ರೈಸ್‌ಲೈನ್ ಎಂಬ ಕಂಪನಿ 1998ರಲ್ಲಿ ವಿಮಾನದ ಟಿಕೆಟ್ಟಿನಿಂದ ಶುರು ಮಾಡಿದ ಪದ್ಧತಿಯಂತೆ. ಆಗ ಬೆಲೆ ಹೇಳುತ್ತಿದ್ದವನು ಗಿರಾಕಿ. ಯಾವ ಬಡಾವಣೆ, ಎಷ್ಟು ನಕ್ಷತ್ರ ಎಂದಷ್ಟೇ ಆರಿಸಬೇಕಿತ್ತು; ಹೋಟೆಲಿನ ಹೆಸರು ತಿಳಿಯುತ್ತಿದ್ದುದು ದುಡ್ಡು ಕಟ್ಟಿದ ಮೇಲೆ. ಖಾಲಿ ಕೋಣೆ ಬಿಕರಿಯಾಗಬೇಕು, ಬೋರ್ಡಿನ ಮೇಲಿನ ದರವೂ ಕೆಡಬಾರದು ಎಂಬುದು ಹೋಟೆಲಿನವರ ಲೆಕ್ಕ. ಒಪ್ಪಿದರೆಂದರೆ ಮುಗಿಯಿತು, ದುಡ್ಡು ವಾಪಸು ಬರುತ್ತಿರಲಿಲ್ಲ. ಹೆಸರು ತಿಳಿಯದೆ ಕೋಣೆ ಹಿಡಿಯುವುದೆಂದರೆ ಮುಸುಕು ತೆಗೆಯದೆ ಹೆಣ್ಣು ನೋಡಿದಂತೆ ಎಂದು ನಾನು ಗೊಣಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಿದ್ಯಾನಗರದ ನಮ್ಮ ಮನೆ, ಬೆಳಗಿನ ಚಹಾ, ಫೋನಿನಲ್ಲಿ ಮಗಳು, ಕಾರ್ಡೂ ಅವಳದೇ. ಯೂನಿಯನ್ ಸ್ಕ್ವೇರ್ ಬಡಾವಣೆ, ಮೂರು ನಕ್ಷತ್ರ. ಹೆಂಡತಿ ಐವತ್ತು ಡಾಲರಿಗೆ ಕೇಳಿಸಿದಳು. ಆಗುವುದಿಲ್ಲ ಎಂದಿತು ಕಂಪ್ಯೂಟರು.

“ಮುಚ್ಚಿಬಿಡಿ ರೀ, ತಾನೇ ಕರೆಯುತ್ತಾನೆ.”

ಮುಚ್ಚಿ ಕುಳಿತೆವು. ಎರಡನೇ ಚಹಾ ಆಯಿತು. ಯಾರೂ ಕರೆಯಲಿಲ್ಲ.

ಅದೇ ಕೋಣೆಗೆ ಮತ್ತೆ ದರ ಹೇಳಬೇಕಾದರೆ ಒಂದು ದಿನ ಕಾಯಬೇಕಿತ್ತು, ಇಲ್ಲವೇ ಇನ್ನೊಂದು ಬಡಾವಣೆ ಸೇರಿಸಬೇಕಿತ್ತು. ಮೂರು ನಕ್ಷತ್ರದ ಹೋಟೆಲೇ ಇಲ್ಲದ ಬಡಾವಣೆಯನ್ನು ಸೇರಿಸಿದರೆ ಇನ್ನೊಂದು ಅವಕಾಶ ಪುಕ್ಕಟೆ ಎಂಬ ಕಳ್ಳದಾರಿಯನ್ನು ಮಗಳು ಕಂಡುಹಿಡಿದಳು. ಯಾರ ಮಗಳು! 65ಕ್ಕೆ ಇಲ್ಲ ಎಂದಿತು. ಅಂಥದೇ ಇನ್ನೊಂದು ಬಡಾವಣೆ ಸೇರಿಸಿ 85 ಎನ್ನುತ್ತಲೇ ಒಪ್ಪಿಕೊಂಡಿತು.

ಮನೆಯಲ್ಲಿ ಸೂತಕದ ಕಳೆ. “ಕೇಳಿದ ಕೂಡಲೇ ಕೊಟ್ಟ ಎಂದರೆ 75ಕ್ಕೂ ಕೊಡುತ್ತಿದ್ದ. ಐನೂರು ರೂಪಾಯಿ ಹೋಯಿತು!” ವಿಮಾನ ಏರುವವರೆಗೂ ಆ ಐನೂರು ರೂಪಾಯಿ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿತ್ತು.

ಹೋಟೆಲು ಚೆನ್ನಾಗಿಯೇ ಇತ್ತು. ಆದರೆ ಅದು ಇಬ್ಬರ ಕೋಣೆ, ಮಂಚ ಒಂದೇ. ಕಾರು ಓಡಿಸಿಕೊಂಡು ಬಂದ ಮಗಳು ಸೇರಿ ನಾವು ಮೂವರು. ಅವಳಿಗೆಂದು ಹೊತ್ತೊಯ್ದಿದ್ದ ನವಲಗುಂದದ ಜಮಖಾನೆ ಡಿಕ್ಕಿಯಲ್ಲಿತ್ತು. ಅದರ ನವಿಲುಗಳ ಮೇಲೆ ಮಗ್ಗುಲು ಬದಲಿಸುತ್ತ ನಾನು ಬೆಳಗು ಮಾಡಿದೆ.

ಬೆಳಿಗ್ಗೆ ಕೌಂಟರಿನಲ್ಲಿ ಇನ್ನೊಂದು ಬಿಲ್ಲು ಕಾದಿತ್ತು: ರಾತ್ರಿ ಕಾರು ನಿಲ್ಲಿಸಿದ್ದಕ್ಕೆ 48 ಡಾಲರ್. “ಕಾರಿಗೆ ನನಗಿಂತ ಒಳ್ಳೆಯ ಹಾಸಿಗೆ ಕೊಟ್ಟಿರಬೇಕು” ಎಂದೆ. ಹೆಂಡತಿ ನಗಲಿಲ್ಲ. ಮುಂದೆ ಬಂದು, ಕೌಂಟರಿನ ಹುಡುಗನಿಗೆ ಮೂರು ಬೆರಳು ತೋರಿಸಿ “ಮೂವತ್ತು” ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಅವನು ಮಿಕಿಮಿಕಿ ನೋಡಿದ. “ಬೇಡ ಬಿಡಪ್ಪಾ” ಎಂದವಳೇ ತಿರುಗಿ ಬಾಗಿಲಿನತ್ತ ನಡೆದಳು. ಒಂದು, ಎರಡು, ಮೂರು, ನಾಲ್ಕು.

“ಮೇಡಂ!”

ದುರ್ಗದಬೈಲಿನದೇ ನಗೆ ಬೀರುತ್ತ ಹಿಂತಿರುಗಿ ಬಂದಳು. ಹುಡುಗ ಅವಳ ಕನ್ನಡಕವನ್ನು ಎತ್ತಿ ಹಿಡಿದುಕೊಂಡು ನಿಂತಿದ್ದ.