ಸಲಹೆಗೆ ಬಹುವಚನ ಇದೆ, ಅಡ್ವೈಸ್‌ಗೆ ಇಲ್ಲ

'ಎಣಿಸಲು ಆಗುವುದು ಕೌಂಟಬಲ್, ಆಗದ್ದು ಅನ್‌ಕೌಂಟಬಲ್.' ಇಂಗ್ಲಿಷ್ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಈ ವ್ಯಾಖ್ಯೆಯೇ ಅರ್ಧ ತಪ್ಪುಗಳಿಗೆ ಮೂಲ ಅಂತ ನನ್ನ ಖಚಿತ ಅಭಿಪ್ರಾಯ. ಪುಸ್ತಕ, ನೀರು ಅನ್ನುವವರೆಗೆ ಅದು ನಡೆಯುತ್ತೆ. ಫರ್ನಿಚರ್‌ಗೆ ಬಂದಾಗ ಕೈಕೊಡುತ್ತೆ. ನಾಲ್ಕು ಕುರ್ಚಿ, ಒಂದು ಮೇಜು ಇದ್ದರೆ ಚಿಕ್ಕ ಮಗುವೂ ಐದು ಅಂತ ಎಣಿಸುತ್ತೆ. ಆದರೂ ಫರ್ನಿಚರ್ ಅನ್‌ಕೌಂಟಬಲ್. ದಿನಾ ಎಣಿಸುವ ದುಡ್ಡು, ಅಂದರೆ ಮನಿ, ಅದೂ ಅನ್‌ಕೌಂಟಬಲ್. ಎಣಿಸುವ ಗುಣ ಅಂಟಿಕೊಂಡಿರೋದು ಪದಕ್ಕೆ. ಅದೇ ಕುರ್ಚಿಯನ್ನು ಚೇರ್ ಅಂದರೆ ಎಣಿಸಬಹುದು, ಫರ್ನಿಚರ್ ಅಂದರೆ ಎಣಿಸುವ ಹಾಗಿಲ್ಲ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ, ಅದನ್ನು ಯಾರೂ ಬಿಡಿಸಿ ಹೇಳೋದಿಲ್ಲ. 'ಎರಡು ಲಗೇಜ್ ಇದೆ', 'ಒಂದು ನ್ಯೂಸ್ ಬಂತು', 'ಒಂದು ಅಡ್ವೈಸ್ ಕೊಡ್ಲಾ' ಅಂತ ನಾವು ಸಲೀಸಾಗಿ ಮಾತಾಡ್ತೀವಿ. ಕನ್ನಡದಲ್ಲಿ ಅದು ತಪ್ಪೇ ಅಲ್ಲ. ಆ ಪದಗಳು ಇಲ್ಲಿಗೆ ಬಂದು ನಮ್ಮ ವ್ಯಾಕರಣಕ್ಕೆ ಒಗ್ಗಿಕೊಂಡಿವೆ. ಸಲಹೆಗಳು, ಮಾಹಿತಿಗಳು, ಸುದ್ದಿಗಳು ಅನ್ನುವ ಭಾಷೆ ನಮ್ಮದು. ತೊಂದರೆ ಶುರುವಾಗೋದು ಅದೇ ಪದವನ್ನು ಇಂಗ್ಲಿಷ್ ವಾಕ್ಯಕ್ಕೆ ವಾಪಸ್ ತೆಗೆದುಕೊಂಡು ಹೋದಾಗ. ಅಡ್ವೈಸಸ್, ಇನ್ಫರ್ಮೇಷನ್ಸ್, ಲಗೇಜಸ್, ಇಕ್ವಿಪ್‌ಮೆಂಟ್ಸ್, ಹೋಂವರ್ಕ್ಸ್, ಫೀಡ್‌ಬ್ಯಾಕ್ಸ್, ಸಾಫ್ಟ್‌ವೇರ್ಸ್ ಹುಟ್ಟೋದು ಹೀಗೆ.

ಈ ಒಂದು ತಪ್ಪು ವಾಕ್ಯವನ್ನು ಎಷ್ಟು ಕಡೆ ಕೆಡಿಸುತ್ತೆ ನೋಡಿ: 'ಹಿ ಗೇವ್ ಮಿ ಮೆನಿ ಇನ್ಫರ್ಮೇಷನ್ಸ್ ಅಂಡ್ ದೇ ವರ್ ಯೂಸ್‌ಫುಲ್.' ಮೆನಿ ತಪ್ಪು, ಕೊನೆಯ 'ಸ್' ತಪ್ಪು, ದೇ ತಪ್ಪು, ವರ್ ತಪ್ಪು. ನಾಲ್ಕನ್ನೂ ಸರಿ ಮಾಡಿದರೆ 'ಹಿ ಗೇವ್ ಮಿ ಎ ಲಾಟ್ ಆಫ್ ಇನ್ಫರ್ಮೇಷನ್ ಅಂಡ್ ಇಟ್ ವಾಸ್ ಯೂಸ್‌ಫುಲ್.' ಮೆನಿ ತೆಗೆದು ಮಚ್ ಹಾಕಿದರೆ ಸಾಲದೇ ಅಂದರೆ, ಮಚ್ ಸಹಜವಾಗಿ ಕೂರೋದು ಪ್ರಶ್ನೆಯಲ್ಲಿ ಮತ್ತು 'ಇಲ್ಲ' ಅನ್ನುವ ವಾಕ್ಯದಲ್ಲಿ. 'ಇದೆ' ಅನ್ನುವಾಗ ಎ ಲಾಟ್ ಆಫ್ ಬಳಸಿ. ಅದು ಎರಡೂ ಬಗೆಯ ಪದಗಳಿಗೆ ಹೊಂದುತ್ತೆ.

ಹೊಸ ನಾಮಪದ ಸಿಕ್ಕಾಗ ಮೊದಲು ನಿಘಂಟು ತೆರೆಯಿರಿ. ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಲ್ಲಿ ಪದದ ಪಕ್ಕ 'ಸಿ' ಅಥವಾ 'ಯು' ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತೆ: ಸಿ ಅಂದರೆ ಕೌಂಟಬಲ್, ಯು ಅಂದರೆ ಅನ್‌ಕೌಂಟಬಲ್. ಇಂಗ್ಲಿಷ್ ಮೇಷ್ಟ್ರು ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು 1942ರಲ್ಲಿ ಜಪಾನಿನಲ್ಲಿ ಹೊರತಂದ ನಿಘಂಟಿನಲ್ಲೇ ಈ ಗುರುತು ಇತ್ತು. ಇಷ್ಟು ವರ್ಷವಾದರೂ ಹೆಚ್ಚಿನವರು ಅರ್ಥ ಓದಿ ಪುಟ ಮುಚ್ಚಿಬಿಡ್ತಾರೆ ಅನ್ನೋದೇ ಬೇಸರ.

ಆಮೇಲೆ ಪದವನ್ನು ಅದರ ಜೋಡಿಯ ಜೊತೆಗೇ ಕಲಿಯಿರಿ. ಅಡ್ವೈಸ್, ನ್ಯೂಸ್, ಫರ್ನಿಚರ್, ಎವಿಡೆನ್ಸ್ ಇವುಗಳಿಗೆ 'ಎ ಪೀಸ್ ಆಫ್' ಆಗುತ್ತೆ. ಬ್ರೆಡ್‌ಗೆ ಲೋಫ್ ಅಥವಾ ಸ್ಲೈಸ್. ಪ್ರೋಗ್ರೆಸ್, ಟ್ರಾಫಿಕ್, ವೆದರ್‌ಗೆ ಪೀಸ್ ಹೊಂದೋದಿಲ್ಲ, ಹಿಂದೆ 'ಎ' ಕೂಡ ಬರೋದಿಲ್ಲ: 'ವಾಟ್ ಲವ್ಲಿ ವೆದರ್!' ಅಷ್ಟೇ. ಎಣಿಸಲೇಬೇಕಾದರೆ ಪದವನ್ನೇ ಬದಲಿಸಿ. ಅಡ್ವೈಸ್ ಬದಲು ಸಜೆಷನ್, ಲಗೇಜ್ ಬದಲು ಬ್ಯಾಗ್, ಟ್ರಾವೆಲ್ ಬದಲು ಟ್ರಿಪ್, ವರ್ಕ್ ಬದಲು ಜಾಬ್.

ಎರಡೂ ಕಡೆ ಓಡಾಡುವ ಪದಗಳೂ ಇವೆ. ಪೇಪರ್ ಅಂದರೆ ಕಾಗದ, 'ಎ ಪೇಪರ್' ಅಂದರೆ ಪತ್ರಿಕೆ ಇಲ್ಲವೇ ಪ್ರಬಂಧ. ಗ್ಲಾಸ್ ಗಾಜು, 'ಎ ಗ್ಲಾಸ್' ಲೋಟ. ಎಕ್ಸ್‌ಪೀರಿಯನ್ಸ್ ಅಂದರೆ ಕೆಲಸದಿಂದ ಬಂದ ಅನುಭವ, 'ಆನ್ ಎಕ್ಸ್‌ಪೀರಿಯನ್ಸ್' ಅಂದರೆ ನಡೆದ ಒಂದು ಘಟನೆ. ಹೇರ್ ವಿಷಯದಲ್ಲಿ ಮಾತ್ರ ಕನ್ನಡವನ್ನೇ ನಂಬಿ. 'ಅವಳಿಗೆ ಉದ್ದ ಕೂದಲು' ಅಂತೀವಿ, ಕೂದಲುಗಳು ಅನ್ನೋದಿಲ್ಲ. ತಟ್ಟೆಯಲ್ಲಿ ಸಿಕ್ಕರೆ 'ಒಂದು ಕೂದಲು' ಅಂತೀವಿ. ಇಂಗ್ಲಿಷ್‌ನದ್ದೂ ಅದೇ ಲೆಕ್ಕ: ತಲೆಯ ಮೇಲೆ 'ಲಾಂಗ್ ಹೇರ್', ತಟ್ಟೆಯಲ್ಲಿ 'ಎ ಹೇರ್'.

ಕನ್ನಡದಲ್ಲಿ ಈ ಭೇದವೇ ಇಲ್ಲ ಅನ್ನುವವರ ಮಾತು ನಾನು ಒಪ್ಪೋದಿಲ್ಲ. 'ಕೆಲವು ನೀರು ಕೊಡಿ' ಅಂತ ಯಾರಾದರೂ ಕೇಳ್ತಾರಾ? ಕೆಲವು, ಹಲವು ಬಿಡಿಬಿಡಿಯಾದವಕ್ಕೆ. ತುಸು, ಒಂಚೂರು ರಾಶಿಗೆ. ಎ ಫ್ಯೂ ಮತ್ತು ಎ ಲಿಟಲ್ ಕಲಿಸುವಾಗ ಇಲ್ಲಿಂದಲೇ ಶುರು ಮಾಡಬಹುದು: ಕೆಲವು ಪುಸ್ತಕ, ಎ ಫ್ಯೂ ಬುಕ್ಸ್, ಒಂಚೂರು ನೀರು, ಎ ಲಿಟಲ್ ವಾಟರ್. ಎಡವೋದು 'ಎಷ್ಟು' ಅನ್ನುವಲ್ಲಿ, ಹೌ ಮೆನಿ ಮತ್ತು ಹೌ ಮಚ್ ಎರಡಕ್ಕೂ ನಮಗೆ ಅದೊಂದೇ ಪದ. ಇನ್ನು 'ಹತ್ತು ಪುಸ್ತಕ' ಅಂದರೆ ನಮಗೆ ಸಾಕು, 'ಗಳು' ಬೇಕಿಲ್ಲ. ಅದಕ್ಕೇ ಟೆನ್ ಬುಕ್ ಅಂತ ಬರೆದು 'ಸ್' ಬಿಟ್ಟುಬಿಡೋದು.

ಫ್ಯೂ, ಲಿಟಲ್ ಹಿಂದಿನ ಆ ಪುಟ್ಟ 'ಎ' ಮಾತ್ರ ಬಿಡಬೇಡಿ, ಅರ್ಥವೇ ತಿರುಗಿಬಿಡುತ್ತೆ. 'ಐ ಹ್ಯಾವ್ ಲಿಟಲ್ ಟೈಮ್' ಅಂದರೆ ಪುರುಸೊತ್ತಿಲ್ಲ, ಆಮೇಲೆ ಬನ್ನಿ. 'ಐ ಹ್ಯಾವ್ ಎ ಲಿಟಲ್ ಟೈಮ್' ಅಂದರೆ ಒಂಚೂರು ಪುರುಸೊತ್ತಿದೆ, ಕೂತು ಮಾತಾಡೋಣ.