ಪಿಕ್ಯಾಟ್ ಪರೀಕ್ಷೆ ಈಗ ಇಲ್ಲ, ಆ ಮೆಸೇಜ್ ನಂಬಬೇಡಿ

ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಅಲ್ಲಿ ಫಾರ್ಮ್‌ಡಿ (ಫಾರ್ಮಸಿಸ್ಟ್ ಆಗಲು ಓದಬೇಕಾದ ಕೋರ್ಸ್) ಸೇರಲು ಪಿಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಕಡ್ಡಾಯ, ಮೊದಲು ನಾಲ್ಕು ವರ್ಷದ ಡಿಗ್ರಿಯೂ ಮುಗಿದಿರಬೇಕು ಅಂತ. ಎರಡೂ ತಪ್ಪು.

ಪಿಕ್ಯಾಟ್ ಕೊನೆಯದಾಗಿ ನಡೆದದ್ದು 2024ರ ಜನವರಿಯಲ್ಲಿ. ಆಮೇಲೆ ಅದನ್ನು ನಿಲ್ಲಿಸಿಬಿಟ್ಟರು. ಅದಕ್ಕೂ ಮುಂಚೆಯೇ ಎಷ್ಟೋ ಕಾಲೇಜುಗಳು ಅದನ್ನು ಕೇಳುವುದು ಬಿಟ್ಟಿದ್ದವು. ಈಗ ಅದರ ಗೈಡ್‌ಗೆ ದುಡ್ಡು ಹಾಕುವುದು ಸುಮ್ನೆ ದಂಡ.

ಡಿಗ್ರಿ ಕೇಳುವ ಫಾರ್ಮಸಿ ಕಾಲೇಜುಗಳೂ ಇವೆ, ಆದರೆ ಅದು ಎಲ್ಲ ಕಡೆಯ ನಿಯಮವಲ್ಲ. ಮೊದಲು ಸಾಮಾನ್ಯ ಕಾಲೇಜಿನಲ್ಲಿ ಎರಡು-ಮೂರು ವರ್ಷ ಓದಿ, ಬೇಕಾದ ವಿಷಯಗಳನ್ನಷ್ಟೇ ಮುಗಿಸಿ ಫಾರ್ಮ್‌ಡಿ ಸೇರುವವರು ಬೇಕಾದಷ್ಟು ಜನ. ನಿಜವಾದ ತಲೆನೋವು ಆ ವಿಷಯಗಳದ್ದೇ. ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಬಿಡುವುದಿಲ್ಲ, ಬಯೋಕೆಮಿಸ್ಟ್ರಿಗೆ ಆರ್ಗ್ಯಾನಿಕ್ ಆಗಿರಬೇಕು, ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿ ತಪ್ಪಿಸಿಕೊಂಡರೆ ಒಂದು ವರ್ಷವೇ ಹಿಂದೆ ಬೀಳಬಹುದು. ಬಯಾಲಜಿ, ಅನಾಟಮಿ, ಸ್ಟ್ಯಾಟಿಸ್ಟಿಕ್ಸ್ ಕೂಡ ಸಾಮಾನ್ಯವಾಗಿ ಕೇಳುತ್ತಾರೆ. ಕ್ಯಾಲ್ಕುಲಸ್ ಕೆಲವು ಕಡೆ ಬೇಕು, ಕೆಲವು ಕಡೆ ಬೇಡ.

ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಜಾಸ್ತಿ ಕಾಲೇಜುಗಳಿಗೆ ಅರ್ಜಿ ಹಾಕುವುದು ಫಾರ್ಮ್‌ಕ್ಯಾಸ್ ಅನ್ನುವ ಒಂದೇ ವೆಬ್‌ಸೈಟ್ ಮೂಲಕ, ಅಲ್ಲಿನ ಡೈರೆಕ್ಟರಿಯಲ್ಲಿ ಪ್ರತಿ ಕಾಲೇಜು ಏನು ಕೇಳುತ್ತದೆ ಅಂತ ಇದೆ. ಅದನ್ನೇ ನೋಡಿ, ಪಕ್ಕದ ಮನೆಯವರ ಮಗಳು ಏನು ಮಾಡಿದಳು ಅಂತಲ್ಲ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿ.